ರೇರ್ ಆಗಿರೋದು ಕಾಯಿಲೆಯಲ್ಲ ಸ್ವಾಮೀ, ಟೆಸ್ಟು!

"ತುಂಬಾ ರೇರ್ ಕಣ್ರೀ ಇದು. ನಮ್ ಕಡೆಯವರಿಗೆಲ್ಲ ಬರಲ್ಲ."

ಈ ಮಾತು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತೆ. ಹೇಳುವವರು ಡಾಕ್ಟರಾಗಿರಲಿ, ಪಕ್ಕದ ಮನೆ ಅಂಕಲ್ ಆಗಿರಲಿ, ಇಂಟರ್ನೆಟ್ಟಿನಲ್ಲಿ ಎಲ್ಲ ಓದಿಕೊಂಡಿರೋ ನನ್ನಂಥ ಅರೆಬೆಂದ ಪಂಡಿತನೇ ಆಗಿರಲಿ. "ನಮ್ ಕಡೆ ಬರಲ್ಲ" ಅನ್ನೋದಕ್ಕೂ "ನಮ್ ಕಡೆ ಯಾರೂ ನೋಡಿಲ್ಲ" ಅನ್ನೋದಕ್ಕೂ ಇರೋ ವ್ಯತ್ಯಾಸ ಸಣ್ಣದಲ್ಲ. ಆ ವ್ಯತ್ಯಾಸದ ನಡುವೆ ಸಿಕ್ಕಿಕೊಂಡು ಜನ ಐದು ವರ್ಷ, ಹತ್ತು ವರ್ಷ ನರಳುತ್ತಾರೆ.

ನಮ್ಮ ಫೀಲ್ಡಿನ ಭಾಷೆಯಲ್ಲಿ ಹೇಳ್ತೀನಿ ಕೇಳಿ. ಸರ್ವರಿನಲ್ಲಿ ಲಾಗಿಂಗ್ ಆಫ್ ಮಾಡಿಟ್ಟು, ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ "ಸಾರ್, ಆರು ತಿಂಗಳಿಂದ ಒಂದೇ ಒಂದು ಎರರ್ ಬಂದಿಲ್ಲ" ಅಂತ ಹೇಳಿದರೆ ಹೇಗಿರುತ್ತೆ? ಮ್ಯಾನೇಜರ್ ದಡ್ಡನಾಗಿದ್ದರೆ ಪ್ರಮೋಷನ್ ಕೊಡ್ತಾನೆ. ಬುದ್ಧಿ ಇರೋನಾದರೆ ಬೈದು ಕಳಿಸ್ತಾನೆ. ಅಪರೂಪದ ಕಾಯಿಲೆಗಳ ವಿಷಯದಲ್ಲಿ ನಾವೆಲ್ಲ ಸೇರಿ ಆ ದಡ್ಡ ಮ್ಯಾನೇಜರ್ ಆಗಿದ್ದೀವಿ.

ಇವತ್ತು ಅಂಥ ಒಂದೇ ಒಂದು ಕಾಯಿಲೆ ಹಿಡ್ಕೊಂಡು ಜಗಳ ಆಡೋಣ ಅಂತಿದ್ದೀನಿ. ಹೆಸರು ಸ್ವಲ್ಪ ಉದ್ದ: ಟ್ಯೂಮರ್ ಇಂಡ್ಯೂಸ್ಡ್ ಆಸ್ಟಿಯೊಮಲೇಸಿಯಾ. ಅಂದರೆ ದೇಹದಲ್ಲಿ ಎಲ್ಲೋ ಇರೋ ಒಂದು ಪುಟ್ಟ ಗೆಡ್ಡೆಯಿಂದ ಮೈಯಲ್ಲಿರೋ ಮೂಳೆಗಳೆಲ್ಲ ಮೆತ್ತಗಾಗೋ ಕಾಯಿಲೆ. ಹೆದರಬೇಡಿ, ನಾನು ಡಾಕ್ಟರಲ್ಲ, ಇಂಜಿನಿಯರಿಂಗ್ ಓದಿ ಕೋಡ್ ಬರೆಯೋನು. ಆದ್ದರಿಂದ ನನಗೆ ಅರ್ಥವಾಗೋ ಹಾಗೇ ಬರೀತೀನಿ, ನಿಮಗೂ ಅರ್ಥವಾಗುತ್ತೆ.

ಗೆಡ್ಡೆ ಮಾಡೋ ಕೆಲಸ

ಮೂಳೆ ಗಟ್ಟಿಯಾಗಿರಬೇಕಾದರೆ ಕ್ಯಾಲ್ಸಿಯಂ ಬೇಕು ಅಂತ ಎಲ್ಲರಿಗೂ ಗೊತ್ತು. ಹಾಲಿನ ಜಾಹೀರಾತಿನವರು ಅಷ್ಟರಮಟ್ಟಿಗೆ ನಮ್ಮನ್ನು ತಯಾರು ಮಾಡಿದ್ದಾರೆ. ಆದರೆ ಮೂಳೆಯ ಗಾರೆಯಲ್ಲಿ ಕ್ಯಾಲ್ಸಿಯಂ ಜೊತೆ ಫಾಸ್ಫೇಟೂ ಇರಲೇಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಹೊಸ ಮೂಳೆ ಗಟ್ಟಿಯಾಗೋದಿಲ್ಲ. ಮರಳಿದೆ, ಸಿಮೆಂಟಿಲ್ಲ ಅನ್ನೋ ಹಾಗೆ.

ರಕ್ತದಲ್ಲಿ ಫಾಸ್ಫೇಟ್ ಎಷ್ಟಿರಬೇಕು ಅಂತ ನೋಡಿಕೊಳ್ಳೋಕೆ ನಮ್ಮ ಮೂಳೆಯ ಜೀವಕೋಶಗಳೇ ಎಫ್‌ಜಿಎಫ್-23 ಅನ್ನೋ ಒಂದು ಹಾರ್ಮೋನನ್ನು ತಯಾರು ಮಾಡ್ತವೆ. ಅದು ಕಿಡ್ನಿಗೆ ಹೋಗಿ "ಹೆಚ್ಚಾಯ್ತು, ಮೂತ್ರದಲ್ಲಿ ಹೊರಗೆ ಕಳಿಸು" ಅಂತ ಹೇಳುತ್ತೆ. ಅಷ್ಟೇ ಅಲ್ಲ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರೋ ರೂಪಕ್ಕೆ ತರೋ ಕಿಡ್ನಿಯ ಕೆಲಸವನ್ನೂ ತಗ್ಗಿಸುತ್ತೆ. ಆರೋಗ್ಯವಂತರಲ್ಲಿ ಇದು ಬೇಕಾದಷ್ಟೇ ಇರುತ್ತೆ.

ಈಗ ಎಲ್ಲೋ ಒಂದು ಕಡೆ, ಪಾದದಲ್ಲೋ ತೊಡೆಯಲ್ಲೋ ದವಡೆಯಲ್ಲೋ ಮೂಗಿನ ಪಕ್ಕದ ಸೈನಸ್ಸಿನಲ್ಲೋ, ಒಂದು ಗೆಡ್ಡೆ ಹುಟ್ಟಿಕೊಂಡಿತು ಅಂತಿಟ್ಟುಕೊಳ್ಳಿ. ಕೆಲವೊಮ್ಮೆ ಅದು ಒಂದು ಅಡಿಕೆಯಷ್ಟೂ ಇರೋದಿಲ್ಲ. ಬಹುಪಾಲು ಕ್ಯಾನ್ಸರೂ ಅಲ್ಲ. ಸುಮ್ಮನೆ ಕೂತಿರುತ್ತೆ, ನೋವೂ ಕೊಡಲ್ಲ. ಆದರೆ ಹಗಲೂ ರಾತ್ರಿ ಎಫ್‌ಜಿಎಫ್-23 ಸುರೀತಾ ಇರುತ್ತೆ. ಕಿಡ್ನಿ ಪಾಪ, ಬಂದ ಆರ್ಡರ್ ಪಾಲಿಸುತ್ತೆ. ಫಾಸ್ಫೇಟೆಲ್ಲ ಮೂತ್ರದಲ್ಲಿ ಹೋಗುತ್ತೆ. ಮೂಳೆ ಮೆತ್ತಗಾಗುತ್ತೆ. ಸೊಂಟ, ಪಕ್ಕೆಲುಬು, ಪಾದ ಎಲ್ಲ ಕಡೆ ನೋವು. ತೊಡೆಯ ಮಾಂಸಖಂಡಗಳು ಸೋತು ಕುಕ್ಕರಗಾಲಲ್ಲಿ ಕೂತವರು ಏಳೋಕಾಗಲ್ಲ, ಮೆಟ್ಟಿಲು ಹತ್ತೋಕಾಗಲ್ಲ. ಬಾತುಕೋಳಿ ನಡಿಗೆ ಶುರುವಾಗುತ್ತೆ. ಬೀಳದೇ ಇದ್ದರೂ ಮೂಳೆ ಬಿರುಕು ಬಿಡುತ್ತೆ. ಕೆಲವರು ಕುಳ್ಳಗಾಗ್ತಾ ಹೋಗ್ತಾರೆ, ಕೊನೆಗೆ ಹಾಸಿಗೆ ಹಿಡೀತಾರೆ.

ಇನ್ನು ತಮಾಷೆ ನೋಡಿ. ಆ ಗೆಡ್ಡೆಯನ್ನು ಹುಡುಕಿ ಪೂರ್ತಿ ತೆಗೆದುಬಿಟ್ಟರೆ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ರಕ್ತದ ಫಾಸ್ಫೇಟ್ ಸರಿಹೋಗುತ್ತೆ. ನೋವು, ನಿಶ್ಶಕ್ತಿ ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತೆ. ವೀಲ್‌ಚೇರಿನಲ್ಲಿ ಬಂದವರು ನಡ್ಕೊಂಡು ಮನೆಗೆ ಹೋಗ್ತಾರೆ. ಇಷ್ಟು ಸಂಕಟ ಕೊಡೋ ಕಾಯಿಲೆ ಇಷ್ಟು ಚೆನ್ನಾಗಿ ವಾಸಿಯಾಗೋದು ವೈದ್ಯಕೀಯದಲ್ಲಿ ದಿನಾ ಸಿಗೋ ಸಂಗತಿಯಲ್ಲ. ನನ್ನ ಸಿಟ್ಟಿಗೆ ಕಾರಣವೂ ಅದೇ. ವಾಸಿಯಾಗದ ಕಾಯಿಲೆ ಗೊತ್ತಾಗದೇ ಹೋದರೆ ದುಃಖ. ವಾಸಿಯಾಗೋ ಕಾಯಿಲೆ ಗೊತ್ತಾಗದೇ ಹೋದರೆ ಅದಕ್ಕೆ ಏನಂತೀರಿ?

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ಕಾಯಿಲೆಯೂ ಅಲ್ಲ. 1947ರಲ್ಲಿ ಇಂಗ್ಲೆಂಡಿನ ಮೆಕಾನ್ಸ್ ಅನ್ನೋರು ಇಂಥ ಒಬ್ಬ ರೋಗಿಯ ಬಗ್ಗೆ ಬರೆದರು. ತೊಡೆಯ ಮೂಳೆಯಿಂದ ಗೆಡ್ಡೆ ತೆಗೆದ ಮೇಲೆ ಕಾಯಿಲೆ ವಾಸಿಯಾಯಿತು, ಆದರೆ ಗೆಡ್ಡೆಯೇ ಕಾರಣ ಅಂತ ಅವರಿಗೆ ಹೊಳೆಯಲಿಲ್ಲ. 1959ರಲ್ಲಿ ಸ್ವಿಟ್ಜರ್ಲೆಂಡಿನ ಪ್ರೇಡರ್, ಪಕ್ಕೆಲುಬಿನಲ್ಲಿ ಗೆಡ್ಡೆಯಿದ್ದ ಒಬ್ಬ ಹುಡುಗಿಯನ್ನು ನೋಡಿ ಎರಡಕ್ಕೂ ಸಂಬಂಧ ಇದೆ ಅಂದರು. ಎಫ್‌ಜಿಎಫ್-23 ಹಾರ್ಮೋನು 2000ದಲ್ಲಿ ಬೆಳಕಿಗೆ ಬಂತು, ಈ ಗೆಡ್ಡೆಗಳು ಸುರಿಯೋದು ಅದನ್ನೇ ಅಂತ 2001ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅಂದರೆ ಪೂರ್ತಿ ಕಥೆ ಗೊತ್ತಾಗಿಯೇ ಇಪ್ಪತ್ತು ವರ್ಷದ ಮೇಲಾಯ್ತು.

ಹಾಗಾದ್ರೆ ಇಲ್ಲಿ ಯಾಕೆ ಸಿಕ್ಕಿಬೀಳಲ್ಲ?

ಮೊದಲನೇ ಕಾರಣ: ವಿಟಮಿನ್ ಡಿ. ನಮ್ಮ ದೇಶದಲ್ಲಿ ಯಾರ ರಕ್ತ ತೆಗೆದು ನೋಡಿದರೂ ವಿಟಮಿನ್ ಡಿ ಕಮ್ಮಿಯೇ ಬರೋ ಸಾಧ್ಯತೆ ಹೆಚ್ಚು. ಮೈ ಕೈ ನೋವು ಅಂತ ಹೋದರೆ ಸಾವಿರ ರೂಪಾಯಿಗೂ ಮೇಲೆ ಕೊಟ್ಟು ಡಿ ಟೆಸ್ಟ್ ಮಾಡಿಸ್ತೀವಿ. ಕಮ್ಮಿ ಅಂತ ಬರುತ್ತೆ. ಎಲ್ಲರಿಗೂ ಖುಷಿ! ಕಾರಣ ಸಿಕ್ತು! ವಾರಕ್ಕೊಂದು ಅರವತ್ತು ಸಾವಿರದ ಸ್ಯಾಶೆ ಹಾಲಿಗೆ ಹಾಕ್ಕೊಂಡು ಕುಡೀರಿ ಅಂತಾರೆ. ಬಹಳಷ್ಟು ಜನಕ್ಕೆ ಅದು ಸರಿಯಾದ ಚಿಕಿತ್ಸೆಯೇ, ನನ್ನ ತಕರಾರಿಲ್ಲ. ತಕರಾರು ಇರೋದು ಎರಡು ಮೂರು ತಿಂಗಳಾದ ಮೇಲೂ ನೋವು ಹೋಗದವರ ಬಗ್ಗೆ. ಡಿ ತುಂಬಿಕೊಂಡ ಮೇಲೂ ನೋವಿದೆ ಅಂದರೆ ಮುಂದಿನ ಪ್ರಶ್ನೆ ಕೇಳಬೇಕು ತಾನೆ? ಕೇಳಲ್ಲ. ಇನ್ನೊಂದು ಕೋರ್ಸ್ ಸ್ಯಾಶೆ ಬರೀತಾರೆ. ಎಲ್ಲರಿಗೂ ಇರೋ ಒಂದು ಕೊರತೆ, ಒಬ್ಬರಿಗೆ ಮಾತ್ರ ಇರೋ ಕಾಯಿಲೆಯನ್ನು ಮುಚ್ಚಿ ಹಾಕಿಬಿಡುತ್ತೆ.

ಎರಡನೇ ಕಾರಣ: ಚೀಟಿಯಲ್ಲಿ ಬರೆಯೋ ಟೆಸ್ಟುಗಳ ಪಟ್ಟಿ. ನಿಮ್ಮ ಮನೆಯಲ್ಲಿ ಮಂಡಿ ನೋವು, ಸೊಂಟ ನೋವು ಅಂತ ಹೋದವರ ಹಳೇ ಫೈಲು ತೆಗೆದು ನೋಡಿ. ಕ್ಯಾಲ್ಸಿಯಂ ಇರುತ್ತೆ, ಯೂರಿಕ್ ಆಸಿಡ್ ಇರುತ್ತೆ, ಆರ್‌ಎ ಫ್ಯಾಕ್ಟರ್ ಇರುತ್ತೆ, ಬಿ12 ಇರುತ್ತೆ, ಎಂಆರ್‌ಐ ಕೂಡ ಇರುತ್ತೆ. ಫಾಸ್ಫರಸ್ ಎಷ್ಟು ಫೈಲಿನಲ್ಲಿದೆ ನೋಡಿ. ಅದರ ಬೆಲೆ ಸಾಮಾನ್ಯವಾಗಿ ನೂರು ಇನ್ನೂರು ರೂಪಾಯಿ. ನಮ್ಮ ಆಫೀಸಿನ ಹತ್ತಿರ ಒಂದು ಮಸಾಲೆ ದೋಸೆ, ಎರಡು ಕಾಫಿಗೆ ಅಷ್ಟಾಗುತ್ತೆ. ಕೆಲವು ಪ್ಯಾಕೇಜುಗಳಲ್ಲಿ ಫಾಸ್ಫರಸ್ ಇರುತ್ತೆ, ನಿಜ. ಆದರೆ ಮೂವತ್ತು ಸಾಲಿನ ರಿಪೋರ್ಟಿನಲ್ಲಿ ಅದರ ಮುಂದೆ ಬಂದ ಸಣ್ಣ 'ಎಲ್' ಅಕ್ಷರ ಯಾರ ಕಣ್ಣಿಗೂ ಬೀಳಲ್ಲ. ಕ್ಯಾಲ್ಸಿಯಂ ನಾರ್ಮಲ್ ಇದೆ ಅಂತ ಫೈಲು ಮುಚ್ಚುತ್ತಾರೆ. ಈ ಕಾಯಿಲೆಯಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತೆ ಅನ್ನೋದು ಇಲ್ಲಿ ಮುಖ್ಯ!

ಮೂರನೇ ಕಾರಣ ನಮ್ಮ ಬಯಲುಸೀಮೆಯದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದರಿಂದ ಮೂಳೆ ಹಾಳಾಗೋದು ನಿಜ, ಅದೇ ಒಂದು ದೊಡ್ಡ ಅನ್ಯಾಯದ ಕಥೆ. ಆದರೆ ಆ ಕಡೆಯಿಂದ ಬಂದ ಯಾರಿಗೇ ಮೂಳೆ ನೋವು ಇರಲಿ, "ಓ, ಪಾವಗಡದವರಾ? ಫ್ಲೋರೈಡು ಬಿಡಿ" ಅಂತ ಒಂದೇ ಮಾತಿನಲ್ಲಿ ಮುಗಿಸೋದು ಎಷ್ಟು ಸರಿ? ಊರಿನ ಹೆಸರು ಡಯಾಗ್ನೋಸಿಸ್ ಆಗೋದಿಲ್ಲ.

ಇದನ್ನೆಲ್ಲ ಎಲ್ಲೋ ಓದಿ ಬರೀತಿಲ್ಲ. ನಮ್ಮ ಸೋದರತ್ತೆ ಪಾವಗಡದ ಕಡೆಯವರೇ. ಐವತ್ತು ತುಂಬೋ ಮೊದಲೇ ಕಾಲು ನೋವು ಶುರುವಾಯ್ತು. ಮೊದಲು ವಾತ ಅಂದರು, ಆಮೇಲೆ ಡಿಸ್ಕ್ ಅಂದರು, ಆಮೇಲೆ ಫ್ಲೋರೈಡು. ಎಲ್ಲ ಮುಗಿದ ಮೇಲೆ "ಮುಟ್ಟು ನಿಲ್ಲೋ ವಯಸ್ಸಮ್ಮ, ಮನಸ್ಸಿಗೆ ಹಚ್ಕೋಬೇಡಿ" ಅಂತ ಡಿಪ್ರೆಶನ್ ಮಾತ್ರೆ. ನಾಲ್ಕು ವರ್ಷದಲ್ಲಿ ಎಣಿಸಿದಂತೆ ಒಂಬತ್ತು ಡಾಕ್ಟರು. ನೆಂಟರ ಬಾಯಿಗೆ ಬೀಗ ಇದೆಯಾ? "ಸೊಸೆ ಬಂದ ಮೇಲೆ ಕೆಲಸ ಮಾಡಬಾರದು ಅಂತ ನಾಟಕ" ಅಂದವರೂ ಇದ್ದರು. ಅತ್ತೆ ಅದನ್ನು ಕೇಳಿಸಿಕೊಂಡರು. ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗೋ ಹೆಂಗಸು ಯಾರಿಗೆ ಅಂತ ನಾಟಕ ಆಡ್ತಾಳೆ?

ಕೊನೆಗೆ ಹತ್ತನೇ ಡಾಕ್ಟರು, ಇನ್ನೂ ಓದು ಮುಗಿಸಿ ಎರಡು ವರ್ಷ ಆಗಿರದ ಹುಡುಗಿ, "ಇವರ ಫಾಸ್ಫರಸ್ ಯಾಕೆ ಯಾರೂ ನೋಡಿಲ್ಲ?" ಅಂತ ಕೇಳಿದರು. 1.4 ಬಂತು. ದೊಡ್ಡವರಿಗೆ 2.5ರಿಂದ 4.5 ಇರಬೇಕು. ಅಲ್ಲಿಂದ ಎಂಡೋಕ್ರೈನಾಲಜಿಸ್ಟು, ಸ್ಕ್ಯಾನು, ಹಿಮ್ಮಡಿಯ ಒಳಗೆ ಕೂತಿದ್ದ ಗೆಡ್ಡೆ, ಒಂದು ಆಪರೇಷನ್ನು. ಈಗ ಅತ್ತೆ ತಾವೇ ಬಸ್ ಹತ್ತಿ ಬೆಂಗಳೂರಿಗೆ ಬರ್ತಾರೆ. ಆಸ್ಪತ್ರೆ, ಡಾಕ್ಟರುಗಳ ಹೆಸರು ಹಾಕಲ್ಲ. ಯಾಕಂದ್ರೆ ಅವರಲ್ಲಿ ಯಾರೂ ಕೆಟ್ಟವರಲ್ಲ. ಒಂಬತ್ತು ಜನ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕಡೆ ಓದಿದವರು ಒಂದೇ ಟೆಸ್ಟನ್ನು ಬಿಟ್ಟಿದ್ದಾರೆ ಅಂದರೆ ಅದು ಒಬ್ಬೊಬ್ಬರ ತಪ್ಪಲ್ಲ, ಸಿಸ್ಟಮ್ಮಿನ ಬಗ್.

ಚೀನಾದಲ್ಲಿ ಏನಾಯ್ತು ನೋಡಿ

"ಒಬ್ಬ ಅತ್ತೆ ಕಥೆ ಇಟ್ಕೊಂಡು ದೇಶದ ಬಗ್ಗೆ ಮಾತಾಡ್ತೀಯಲ್ಲೋ" ಅಂತೀರಾ? ನ್ಯಾಯವಾದ ಪ್ರಶ್ನೆ. ಹಾಗಾದರೆ ಬೀಜಿಂಗಿಗೆ ಹೋಗೋಣ ಬನ್ನಿ.

ಚೀನಾದಲ್ಲೂ ಇದು "ಇಲ್ಲಿ ಅಷ್ಟಾಗಿ ಇಲ್ಲ" ಅನ್ನೋ ಪಟ್ಟಿಯಲ್ಲೇ ಇದ್ದ ಕಾಯಿಲೆ. ಅಲ್ಲಿನ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜ್ ಆಸ್ಪತ್ರೆಯವರು ಫಾಸ್ಫೇಟ್ ಕಮ್ಮಿ ಇರೋ ದೊಡ್ಡವರನ್ನೆಲ್ಲ ಗೆಡ್ಡೆಗಾಗಿ ಹುಡುಕೋಕೆ ಶುರು ಮಾಡಿದರು. 2012ರಲ್ಲಿ 39 ಜನರ ವರದಿ ಪ್ರಕಟಿಸಿದರು. 2017ರ ಹೊತ್ತಿಗೆ ಅದೇ ಆಸ್ಪತ್ರೆಯವರು ಬರೆದ ಇನ್ನೊಂದು ಲೇಖನದಲ್ಲಿ 144 ಜನ! ಐದು ವರ್ಷದಲ್ಲಿ ಚೀನೀಯರ ದೇಹದಲ್ಲಿ ಹೊಸದಾಗಿ ಗೆಡ್ಡೆ ಬೆಳೆಯೋಕೆ ಶುರುವಾಯ್ತಾ? ಇಲ್ಲ. ಹುಡುಕಿದರು, ಸಿಕ್ಕಿತು. ಆ 144ರಲ್ಲಿ 137 ಜನಕ್ಕೆ ಮೊದಲು ಬೇರೇನೋ ಕಾಯಿಲೆ ಅಂತ ಹೇಳಿ ಕಳಿಸಿದ್ದರಂತೆ. ನೂರಕ್ಕೆ 95! ಡಿಸ್ಕ್ ಅಂತ, ಸಂಧಿವಾತ ಅಂತ. ನಮ್ಮ ಅತ್ತೆಯ ಫೈಲೇ ಬೀಜಿಂಗಿನಲ್ಲಿ ಕೂತ ಹಾಗಿದೆ.

ನಮ್ಮಲ್ಲೂ ನೋಡಿದವರಿಗೆ ಸಿಕ್ಕಿದೆ. ಮುಂಬಯಿಯ ಕೆಇಎಂ, ಚಂಡೀಗಢದ ಪಿಜಿಐ, ವೆಲ್ಲೂರಿನ ಸಿಎಂಸಿ, ದೆಹಲಿಯ ಏಮ್ಸ್, ಇವರೆಲ್ಲ ತಮ್ಮ ರೋಗಿಗಳ ಬಗ್ಗೆ ಬರೆದಿದ್ದಾರೆ. ಅಂದರೆ ಭಾರತೀಯರಿಗೆ ಬರೋದಿಲ್ಲ ಅನ್ನೋ ಮಾತು ಸುಳ್ಳು ಅಂತ ಆಗಲೇ ಸಾಬೀತಾಗಿದೆ. ಆದರೆ ಈ ಆಸ್ಪತ್ರೆಗಳ ಬಾಗಿಲು ತನಕ ಹೋದವರ ಲೆಕ್ಕ ಮಾತ್ರ ಅದು. ಸಿಂಧನೂರಿನಲ್ಲೋ ಹೊಸದುರ್ಗದಲ್ಲೋ ಮಂಚದ ಮೇಲಿರೋರ ಲೆಕ್ಕ ಯಾರ ಹತ್ತಿರ ಇದೆ?

ಡೆನ್ಮಾರ್ಕಿನವರ ಹತ್ತಿರ ಅವರ ಲೆಕ್ಕ ಇದೆ. ಬೆಂಗಳೂರಿಗಿಂತ ಕಮ್ಮಿ ಜನ ಇರೋ ದೇಶ ಅದು. ಆದರೆ ಪ್ರತಿಯೊಬ್ಬರ ಆಸ್ಪತ್ರೆ ದಾಖಲೆಯೂ ಒಂದು ರಾಷ್ಟ್ರೀಯ ರಿಜಿಸ್ಟರಿನಲ್ಲಿ ಸೇರುತ್ತೆ. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಈ ಕಾಯಿಲೆ ಇರೋರು ಲಕ್ಷಕ್ಕೆ 0.70ಕ್ಕಿಂತ ಹೆಚ್ಚಿರಲಾರರು, ವರ್ಷಕ್ಕೆ ಹೊಸದಾಗಿ ಬರೋದು ಲಕ್ಷಕ್ಕೆ 0.13ಕ್ಕಿಂತ ಕಮ್ಮಿ. ಇದು ಮೇಲ್ಮಿತಿ, ನೆನಪಿರಲಿ. ರೇರ್ ಅನ್ನೋದು ಖಂಡಿತ. ಆದರೆ ಅದನ್ನೇ 2011ರ ಜನಗಣತಿಯ ನಮ್ಮ 6.1 ಕೋಟಿ ಕನ್ನಡ ನಾಡಿಗೆ ಗುಣಿಸಿ ನೋಡಿ. ಹೆಚ್ಚೆಂದರೆ 425ರ ಆಸುಪಾಸು ಜನ. ಅದರಲ್ಲಿ ಕಾಲು ಭಾಗ ಅಂತ ಹಿಡಿದರೂ ನೂರು ಜನ. ನಮ್ಮ ರಾಜ್ಯದ ಲೆಕ್ಕ ಹಾಕೋಕೆ ಡೆನ್ಮಾರ್ಕಿನ ಸಂಖ್ಯೆ ಸಾಲ ತರಬೇಕಾಗಿ ಬಂತಲ್ಲ, ನಾಚಿಕೆಗೇಡು ಅಂದರೆ ಇದು. ಡೇನರ ಲೆಕ್ಕ ನಮಗೆ ಹೊಂದುತ್ತೋ ಇಲ್ಲವೋ ಅಂತ ಹೇಳೋಕೂ ಮೊದಲು ನಾವು ಎಣಿಸಿರಬೇಕು.

ಒಂದೇ ಊರಲ್ಲಿ ನೂರು ಜನ, ನೂರು ಊರಲ್ಲಿ ಒಬ್ಬೊಬ್ಬರು

ಮಲೆನಾಡಿನ ಬ್ಲಾಗಿಗರಿಗೆ ಹಂದಿಗೋಡು ಕಾಯಿಲೆ ಗೊತ್ತಿರುತ್ತೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಗಮನಕ್ಕೆ ಬಂದ, ವಂಶವಾಹಿಯಾಗಿ ಬರೋ ಮೂಳೆ ಕೀಲುಗಳ ಕಾಯಿಲೆ. ಬಡ ದಲಿತ ಕುಟುಂಬಗಳನ್ನು ಕಾಡಿದ ಕಾಯಿಲೆ. ಅದಕ್ಕೂ ಈ ಗೆಡ್ಡೆಗೂ ಸಂಬಂಧ ಇಲ್ಲ. ಆದರೆ ಒಂದು ಮಾತು ನೋಡಿ. ಅದಕ್ಕೆ ಒಂದು ಹೆಸರು ಬಂತು, ಪತ್ರಿಕೆಯಲ್ಲಿ ಬಂತು, ವಿಜ್ಞಾನಿಗಳು ಬಂದರು. ಯಾಕೆ? ಒಂದೇ ಕಡೆ ಬಹಳ ಜನಕ್ಕೆ ಬಂದಿತ್ತು, ಕಣ್ಣಿಗೆ ಹೊಡೀತಿತ್ತು. (ಬಂದು ಹೋದ ಮೇಲೆ ಆ ಜನಕ್ಕೆ ಸಿಕ್ಕಿದ್ದೆಷ್ಟು ಅನ್ನೋದು ಬೇರೆಯೇ ಪೋಸ್ಟು.)

ಗೆಡ್ಡೆ ಹಾಗಲ್ಲ. ಅಪ್ಪ ಅಮ್ಮನಿಂದ ಬರೋದಲ್ಲ, ನೀರಿನಿಂದ ಬರೋದಲ್ಲ. ತಾಲ್ಲೂಕಿಗೆ ಒಬ್ಬರೋ ಇಬ್ಬರೋ. ಅವರಿಗೆ ಸಂಘ ಇಲ್ಲ, ಎಂಎಲ್‌ಎ ಬರಲ್ಲ, ವರದಿಗಾರ ಬರಲ್ಲ. ಒಬ್ಬ ಡಾಕ್ಟರಿಗೆ ಇಡೀ ಸರ್ವೀಸಿನಲ್ಲಿ ಒಬ್ಬರು ಸಿಕ್ಕರೆ ಹೆಚ್ಚು. ಹಾಗೆ ಚೆಲ್ಲಿಹೋದ ಕಾಯಿಲೆಯನ್ನು ಕಣ್ಣಿನಿಂದ ಹಿಡಿಯೋಕಾಗಲ್ಲ, ಎಣಿಕೆಯಿಂದ ಮಾತ್ರ ಹಿಡಿಯೋಕಾಗೋದು.

ಎಣಿಕೆಯ ಬಗ್ಗೆ ಸರ್ಕಾರ ಏನನ್ನುತ್ತೆ? 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂತು. ಒಳ್ಳೇದೇ. ಪಟ್ಟಿಯಲ್ಲಿರೋ ಕಾಯಿಲೆಗಳಿಗೆ ಗುರುತಿಸಿದ ಆಸ್ಪತ್ರೆಗಳ ಮೂಲಕ ಕೊಡೋ ನೆರವನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಿದರು. ಅದೂ ಒಳ್ಳೇದೇ. ಆದರೆ ಆ ನೀತಿ ತಾನೇ ಒಪ್ಪಿಕೊಳ್ಳೋ ಒಂದು ಮಾತಿದೆ: ನಮ್ಮಲ್ಲಿ ಯಾವ ಕಾಯಿಲೆ ಎಷ್ಟು ಜನಕ್ಕಿದೆ ಅನ್ನೋ ಅಂಕಿಅಂಶ ಇಲ್ಲ, ಅದಕ್ಕೇ ಇಷ್ಟು ಜನಕ್ಕಿಂತ ಕಮ್ಮಿ ಇದ್ದರೆ ರೇರ್ ಅಂತ ಗೆರೆ ಎಳೆಯೋಕಾಗಿಲ್ಲ. ಸರಿ, ಹಾಗಾದರೆ ಪಟ್ಟಿ ಮಾಡೋದು ಯಾವ ಆಧಾರದ ಮೇಲೆ? ಗೊತ್ತಿರೋ ಕಾಯಿಲೆಗಳ ಆಧಾರದ ಮೇಲೆ. ಗೊತ್ತಾಗೋದು ಎಣಿಸಿದರೆ. ಎಣಿಸೋದು ಪಟ್ಟಿಯಲ್ಲಿದ್ದರೆ. ಇದನ್ನೇ ನಾವು ಇನ್‌ಫಿನಿಟ್ ಲೂಪ್ ಅನ್ನೋದು. ಸರ್ವರು ಬಿಸಿಯಾಗುತ್ತೆ, ಔಟ್‌ಪುಟ್ ಬರಲ್ಲ.

ಬರೋ ಆಕ್ಷೇಪಣೆಗಳು

ಒಂದು: "ಟಿಬಿ, ಡೆಂಗಿ, ಶುಗರ್ ಇಷ್ಟೊಂದು ಇರುವಾಗ ಈ ರೇರ್ ಕಾಯಿಲೆ ಯಾರಿಗೆ ಬೇಕು?" ಟಿಬಿಯ ದುಡ್ಡು ಕಿತ್ತು ಇದಕ್ಕೆ ಕೊಡಿ ಅಂತ ನಾನು ಕೇಳ್ತಿಲ್ಲ. ನಾಲ್ಕು ವರ್ಷದಲ್ಲಿ ಅತ್ತೆಯ ಎಂಆರ್‌ಐ, ಎಕ್ಸರೇ, ಇಂಜೆಕ್ಷನ್, ಬಸ್ ಚಾರ್ಜು, ಮಾವ ಕೆಲಸ ಬಿಟ್ಟು ಓಡಾಡಿದ್ದು ಎಲ್ಲ ಕೂಡಿಸಿದರೆ ಲಕ್ಷಗಟ್ಟಲೆ. ಇನ್ನೂರು ರೂಪಾಯಿ ಉಳಿಸೋಕೆ ಲಕ್ಷ ಖರ್ಚು ಮಾಡೋದು ಯಾವ ಸೀಮೆ ಉಳಿತಾಯ?

ಎರಡು: "ಸಿಕ್ಕಸಿಕ್ಕವರಿಗೆಲ್ಲ ಟೆಸ್ಟ್ ಮಾಡಿದರೆ ಸುಮ್ಮನೆ ಗಾಬರಿ." ಒಪ್ಪಿದೆ. ಊಟ ತಿಂಡಿಯಿಂದ ಫಾಸ್ಫರಸ್ ಏರುಪೇರಾಗುತ್ತೆ, ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಬೇಕು. ಕುಡಿತ, ಆಂಟಾಸಿಡ್, ಪ್ಯಾರಾಥೈರಾಯ್ಡ್ ತೊಂದರೆ, ವಿಟಮಿನ್ ಡಿ ಕೊರತೆ, ರಕ್ತಹೀನತೆಗೆ ಕೊಡೋ ಕೆಲವು ಕಬ್ಬಿಣದ ಇಂಜೆಕ್ಷನ್ನು, ಇವುಗಳಿಂದಲೂ ಇಳಿಯುತ್ತೆ. ಅದಕ್ಕೇ ಆರೋಗ್ಯವಾಗಿರೋ ಎಲ್ಲರಿಗೂ ಮಾಡಿ ಅಂತ ನಾನು ಹೇಳ್ತಿಲ್ಲ. ತಿಂಗಳುಗಟ್ಟಲೆ ಮೂಳೆ ನೋವು, ತೊಡೆಯ ನಿಶ್ಶಕ್ತಿ, ಬೀಳದೇ ಮೂಳೆ ಮುರಿದಿರೋದು, ಆಲ್ಕಲೈನ್ ಫಾಸ್ಫಟೇಸ್ ಹೆಚ್ಚಿರೋದು, ಇಂಥವರಿಗೆ ಮಾಡಿ ಅಷ್ಟೆ. ಡಿ ಸರಿಹೋದ ಮೇಲೂ ಕಮ್ಮಿ ಇದ್ದರೆ ಮೂತ್ರದಲ್ಲಿ ಎಷ್ಟು ಹೋಗ್ತಿದೆ ನೋಡಿ. ರಕ್ತದ್ದು ಎರಡು ಸಂಖ್ಯೆ, ಮೂತ್ರದ್ದು ಎರಡು ಸಂಖ್ಯೆ, ಒಂದಿಷ್ಟು ಗುಣಾಕಾರ ಭಾಗಾಕಾರ. ಕಿಡ್ನಿ ಫಾಸ್ಫೇಟನ್ನು ಹಿಡಿದಿಡುತ್ತಿದೆಯೋ ಸೋರಿಸುತ್ತಿದೆಯೋ ಗೊತ್ತಾಗುತ್ತೆ. ಇದಕ್ಕೆ ಸೂಪರ್ ಕಂಪ್ಯೂಟರ್ ಬೇಡ. ಗೆಡ್ಡೆ ಹುಡುಕೋ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ದುಬಾರಿ, ನಿಜ. ಆದರೆ ಅದು ಬರೋದು ಈ ಜರಡಿಯಲ್ಲಿ ಉಳಿದವರಿಗೆ ಮಾತ್ರ.

ಮೂರು: ಡಾಕ್ಟರ್ ಮಿತ್ರರ ಗಾದೆ. ಗೊರಸಿನ ಸದ್ದು ಕೇಳಿದರೆ ಕುದುರೆ ಅಂದುಕೋ, ಜೀಬ್ರಾ ಅಂದುಕೋಬೇಡ ಅಂತ ಅವರಿಗೆ ಕಾಲೇಜಿನಲ್ಲಿ ಹೇಳಿಕೊಡ್ತಾರಂತೆ. ಚೆನ್ನಾಗಿದೆ. ಆದರೆ ಕುದುರೆಗೆ ಹಾಕೋ ಹುಲ್ಲನ್ನು ನಾಲ್ಕು ವರ್ಷ ಹಾಕಿದರೂ ಅದು ಮುಟ್ಟಲಿಲ್ಲ ಅಂದರೆ, ಒಂದು ಸಲ ಕೊಟ್ಟಿಗೆಗೆ ಹೋಗಿ ಇಣುಕಿ ನೋಡಬಾರದಾ ಸ್ವಾಮೀ?

ಇನ್ನೊಂದು ಮಾತು. ಇದು ಬರೀ ಫಾಸ್ಫರಸ್ ಕಥೆಯಲ್ಲ. ಹಾರ್ಮೋನು ಸುರಿಸೋ ಗೆಡ್ಡೆಗಳೆಲ್ಲ ಇದೇ ಥರ ವೇಷ ಹಾಕ್ಕೊಂಡು ಬರ್ತವೆ. ಮೇದೋಜೀರಕದಲ್ಲಿ ಇನ್ಸುಲಿನ್ ಸುರಿಸೋ ಗೆಡ್ಡೆ ಇದ್ದರೆ ಬೆಳಗಿನ ಹೊತ್ತು ಶುಗರ್ ಇಳಿದು ಮನುಷ್ಯ ತಡಬಡಾಯಿಸ್ತಾನೆ, ಫಿಟ್ಸ್ ಬರುತ್ತೆ. ಮೂರ್ಛೆರೋಗ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿಸ್ತಾರೆ, ಇಲ್ಲಾ ದೆವ್ವ ಬಿಡಿಸೋಕೆ ಕರ್ಕೊಂಡು ಹೋಗ್ತಾರೆ. ಆ ಹೊತ್ತಿನಲ್ಲಿ ಬೆರಳು ಚುಚ್ಚಿ ಶುಗರ್ ನೋಡೋಕೆ ಒಂದು ನಿಮಿಷ ಸಾಕು. ಕಿಡ್ನಿಯ ಮೇಲಿರೋ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಅನ್ನೋ ಗೆಡ್ಡೆ ಇದ್ದರೆ ಇದ್ದಕ್ಕಿದ್ದಂತೆ ಬಿಪಿ ಏರಿ, ಬೆವರಿ, ಎದೆ ಹೊಡ್ಕೊಳ್ಳುತ್ತೆ. "ಟೆನ್ಷನ್ ಮಾಡ್ಕೋಬೇಡಿ" ಅಂತಾರೆ. ಎಲ್ಲ ಕಡೆಯೂ ಅದೇ: ಅಪರೂಪದ್ದು ಮಾಮೂಲಿನ ವೇಷದಲ್ಲಿ ಬರುತ್ತೆ, ವೇಷ ಕಳಚೋಕೆ ಒಂದು ಸಣ್ಣ ಟೆಸ್ಟು ಸಾಕು, ಆ ಟೆಸ್ಟನ್ನು ಯಾರೂ ಬರೆಯಲ್ಲ.

ಹಾಗಾದ್ರೆ ಏನು ಮಾಡ್ಬೇಕು?

ಮೂಳೆ ನೋವಿನ ಚೀಟಿಯಲ್ಲಿ ಕ್ಯಾಲ್ಸಿಯಂ ಪಕ್ಕ ಫಾಸ್ಫರಸ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಕಡ್ಡಾಯವಾಗಿ ಇರಬೇಕು, ತಾಲ್ಲೂಕು ಆಸ್ಪತ್ರೆಯಲ್ಲೂ ಇರಬೇಕು. ಲ್ಯಾಬಿನವರು ಮಕ್ಕಳ ರಿಪೋರ್ಟಿನಲ್ಲಿ ದೊಡ್ಡವರ ನಾರ್ಮಲ್ ಅಂಕಿ ಅಚ್ಚು ಹಾಕೋದು ನಿಲ್ಲಿಸಬೇಕು. ಮಕ್ಕಳಿಗೆ ಫಾಸ್ಫರಸ್ ದೊಡ್ಡವರಿಗಿಂತ ಹೆಚ್ಚೇ ಇರಬೇಕು, ದೊಡ್ಡವರ ಅಳತೆ ಹಿಡಿದರೆ ಕಾಯಿಲೆ ಇರೋ ಮಗುವೂ "ನಾರ್ಮಲ್" ಆಗಿಬಿಡುತ್ತೆ. (ಇಂಟಿಜರ್ ಒಂದನ್ನು ಹಾರ್ಡ್‌ಕೋಡ್ ಮಾಡಿದರೆ ಕೋಡ್ ರಿವ್ಯೂನಲ್ಲಿ ನಮ್ಮನ್ನು ಉಗೀತಾರೆ, ಇವರನ್ನು ಯಾರೂ ಕೇಳಲ್ಲ!) ಮತ್ತೆ, ಪಟ್ಟಿಯಲ್ಲಿ ಇರಲಿ ಇಲ್ಲದಿರಲಿ, ಪತ್ತೆಯಾದ ಪ್ರತಿಯೊಬ್ಬರೂ ರಾಜ್ಯದ ಒಂದು ರಿಜಿಸ್ಟರಿನಲ್ಲಿ ಸೇರಬೇಕು. ಒಂದು ಡೇಟಾಬೇಸ್ ಟೇಬಲ್ಲು ಸ್ವಾಮೀ! ಜಗತ್ತಿನ ಬ್ಯಾಂಕುಗಳಿಗೆಲ್ಲ ಸಾಫ್ಟ್‌ವೇರ್ ಬರೆಯೋ ಊರು ನಮ್ಮದು.

ನಾವು ಬ್ಲಾಗಿಗರು ಏನು ಮಾಡಬಹುದು? ಕನ್ನಡದಲ್ಲಿ ಬರೀಬಹುದು. "ಮೂಳೆ ನೋವು" ಅಂತ ಕನ್ನಡದಲ್ಲಿ ಹುಡುಕಿ ನೋಡಿ, ಎಳ್ಳೆಣ್ಣೆ, ಮೆಂತ್ಯ, ಪವಾಡದ ಎಲೆ ಎಲ್ಲ ಸಿಗುತ್ತೆ. ಫಾಸ್ಫರಸ್ ಅನ್ನೋ ಪದ ಸಿಗೋಕೆ ಎಷ್ಟು ಹೊತ್ತು ಬೇಕಾಗುತ್ತೆ ಹೇಳಿ. ನಾವು ಕವಿತೆ ಬರೀತೀವಿ, ಟ್ರೆಕ್ಕಿಂಗ್ ಫೋಟೋ ಹಾಕ್ತೀವಿ, ಭಾಷೆ ಉಳಿಸೋದು ಹೇಗೆ ಅಂತ ಐವತ್ತು ಕಾಮೆಂಟಿನ ಜಗಳ ಆಡ್ತೀವಿ. ಎಲ್ಲ ಬೇಕು. ಆದರೆ ಒಬ್ಬ ಅತ್ತೆಯ ಮಗ ರಾತ್ರಿ ಹನ್ನೆರಡಕ್ಕೆ ಕನ್ನಡದಲ್ಲಿ ಹುಡುಕಿದಾಗ ಒಂದು ಸರಿಯಾದ ಉತ್ತರ ಸಿಗೋ ಹಾಗೆ ಮಾಡೋದೂ ಭಾಷೆ ಉಳಿಸೋ ಕೆಲಸವೇ ಅಲ್ವಾ?

ಒಂದು ಎಚ್ಚರಿಕೆ: ಇದನ್ನು ಓದಿ ಯಾರೂ ತಾವಾಗೇ ಫಾಸ್ಫೇಟ್ ತಗೊಂಡು ಕುಡಿಯಬೇಡಿ. ಅದು ಡಾಕ್ಟರು ಅಳತೆ ನೋಡಿ, ದಿನಕ್ಕೆ ಹಲವು ಸಲ ಹಂಚಿ, ಜೊತೆಗೆ ಬೇರೆ ಮಾತ್ರೆಯನ್ನೂ ಸೇರಿಸಿ ಕೊಡೋ ಔಷಧಿ. ತಪ್ಪಿದರೆ ಹೊಟ್ಟೆ ಕೆಡುತ್ತೆ, ಕಿಡ್ನಿಗೂ ತೊಂದರೆ. ನೀವು ಮಾಡಬೇಕಾದ್ದು ಇಷ್ಟೇ. ಮನೆಯಲ್ಲಿ ವರ್ಷದಿಂದ ಮೈ ಮೂಳೆ ನೋವು ಅಂತ ನರಳೋರು ಇದ್ದರೆ ಫೈಲು ತೆಗೆದು ನೋಡಿ. ಫಾಸ್ಫರಸ್ ಸಾಲು ಇಲ್ಲದಿದ್ದರೆ ಮುಂದಿನ ಸಲ ಹೋದಾಗ "ಡಾಕ್ಟ್ರೇ, ಇದೊಂದು ನೋಡಬಹುದಾ?" ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಸಾಲು ಇದ್ದು ಪಕ್ಕದಲ್ಲಿ 'ಎಲ್' ಇದ್ದರೆ ಬೆರಳಿಟ್ಟು ತೋರಿಸಿ.

ಡಾಕ್ಟರ್ ಓದುಗರೇ, ಬೈಯಬೇಕು ಅನ್ನಿಸಿದರೆ ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ, ತಿದ್ದೋದಿದ್ದರೆ ತಿದ್ದಿ. ಬೈಯೋ ಮೊದಲು, ಕಳೆದ ತಿಂಗಳು ಎಷ್ಟು ಮೂಳೆ ನೋವಿನ ಚೀಟಿಯಲ್ಲಿ ಫಾಸ್ಫರಸ್ ಅಂತ ಬರೆದಿದ್ರಿ ಅನ್ನೋ ಸಂಖ್ಯೆಯನ್ನೂ ಹಾಕಿ. ಎಣಿಕೆ ಅಲ್ಲಿಂದಲೇ ಶುರುವಾಗಲಿ.